ಪಾಲು, ಹಿಸ್ಸಾ, ಶೇರು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಒಕ್ಕಲಿಗನ ಬಾಯಲ್ಲಿ ‘ಶೇರು’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಒಂದು, ಜೋಳ ಅಳೆಯುವ ಹಳೆಯ ಮಾಪು. ಇನ್ನೊಂದು, ಸೊಸಾಯಿಟಿಯಲ್ಲಿಯೂ ಸಕ್ಕರೆ ಕಾರ್ಖಾನೆಯಲ್ಲಿಯೂ ಹಣ ತುಂಬಿ ಪಡೆಯುವ ಪಾಲು. ಮೊದಲನೆಯದು ದೇಶೀಯ, ಎರಡನೆಯದು ಇಂಗ್ಲಿಷಿನಿಂದ ಬಂದದ್ದು. ಈ ಇಂಗ್ಲಿಷ್ ಶಬ್ದದ ಮೂಲಾರ್ಥ ‘ಕತ್ತರಿಸುವುದು’. ನೇಗಿಲ ಗುಳಕ್ಕೆ ಆ ಭಾಷೆಯಲ್ಲಿರುವ ಹೆಸರೂ ಅದೇ ಧಾತುವಿನಿಂದ ಹುಟ್ಟಿದೆ. ಹಳೆಯ ಇಂಗ್ಲಿಷಿನಲ್ಲಿ ಕ್ರೈಸ್ತ ಸಂನ್ಯಾಸಿಗಳ ಮುಂಡನಕ್ಕೂ ಇದೇ ಶಬ್ದ ಸಲ್ಲುತ್ತಿತ್ತೆಂಬುದು ಕೇಶಲೋಚವನ್ನು ಕಂಡ ಜೈನರಿಗೆ ಕುತೂಹಲದ ಸಂಗತಿಯಾದೀತು. ಕತ್ತರಿಸಿದ ತುಂಡು ಎಂಬ ಅರ್ಥದಿಂದ ಹೊರಟ ಶಬ್ದವು ಕ್ರಮೇಣ ಹಕ್ಕು, ಬಂಡವಾಳ, ಒಡನೆ ಉಣ್ಣುವುದು, ಸುಖದುಃಖ ಹೇಳಿಕೊಳ್ಳುವುದು ಎಂಬಲ್ಲಿಯವರೆಗೆ ಹರಡಿತು. ಇಂದು ಮೊಬೈಲಿನಲ್ಲಿ ಚಿತ್ರ ಕಳಿಸುವುದೂ ‘ಶೇರ್’ ಮಾಡುವುದೇ.

ಕನ್ನಡವು ಈ ಎಲ್ಲ ಅರ್ಥಗಳನ್ನು ಒಂದೇ ಶಬ್ದದ ಮೇಲೆ ಹೊರಿಸಲಿಲ್ಲ. ಹಳಗನ್ನಡದಲ್ಲಿ ಪಸುಗೆ, ನಡೆನುಡಿಯಲ್ಲಿ ಪಾಲು, ಭೂದಾಖಲೆಯಲ್ಲಿ ಹಿಸ್ಸಾ, ಮನೆತನ ಒಡೆದಾಗ ವಾಟಣಿ, ಕಾಲುವೆಯ ನೀರಿಗೆ ಪಾಳಿ, ಊರಿನ ಬಡಿಗ ಕಂಬಾರರಿಗೆ ಸುಗ್ಗಿಯಲ್ಲಿ ಸಲ್ಲುವ ಆಯ. ದಾಯವೆಂದರೆ ಪಿತ್ರಾರ್ಜಿತದ ಪಾಲು. ಅದನ್ನು ಪಡೆಯುವವನು ದಾಯಾದಿ. ಆ ದಾಯಾದಿ ಎಂಬ ಶಬ್ದವೇ ವೈರಿ ಎಂಬ ಅರ್ಥಕ್ಕೆ ತಿರುಗಿದ್ದು ನಮ್ಮ ಮನೆತನಗಳ ಇತಿಹಾಸವನ್ನು ಸಾಕಷ್ಟು ಹೇಳುತ್ತದೆ.

ಈ ನಾಡಿನ ಶಿಲಾಶಾಸನಗಳಲ್ಲಿ ಪಾಲಿನ ಇನ್ನೊಂದು ಮುಖ ಕಾಣುತ್ತದೆ. ಈಗ ಮೂಡಲಗಿ ತಾಲೂಕಿಗೆ ಸೇರಿರುವ ಕಲ್ಲೋಳಿಯು ರಟ್ಟರ ಕಾಲದಲ್ಲಿ ಸಿಂದನ ಕಲ್ಪೊಳೆ ಎಂದು ಹೆಸರಾಗಿತ್ತು. ರಟ್ಟರ ನಾಲ್ವಡಿ ಕಾರ್ತವೀರ್ಯನ ಆಳ್ವಿಕೆಯಲ್ಲಿ ಹಗರಟಗೆಯ ಯಾದವ ವಂಶದ ರಾಜನೆಂಬ ಅರಸನು ಅಲ್ಲಿ ಶಾಂತಿನಾಥ ಬಸದಿಯನ್ನು ಕಟ್ಟಿಸಿದನು. 1204ರಲ್ಲಿ ಆ ಬಸದಿಗಾಗಿ ಶುಭಚಂದ್ರ ಭಟ್ಟಾರಕರಿಗೆ ದತ್ತಿ ಸಂದಿತು. ಅದೇ ವರ್ಷದ, ಬೆಳಗಾವಿಯ ರಟ್ಟ ಜಿನಾಲಯಕ್ಕೆ ಸಂಬಂಧಿಸಿದ ಶಾಸನಗಳೂ ಇವೆ. ಆ ಕಲ್ಲುಗಳು ಇಂದು ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿವೆ. ಅಲ್ಲಿ ದತ್ತಿ ಕೊಟ್ಟವನು ಅರಸನೊಬ್ಬನೇ ಅಲ್ಲ. ಲಾಳ ಮತ್ತು ಮಲಯಾಳ ದೇಶದ ವರ್ತಕರೂ ಸೇರಿದಂತೆ ವಣಿಕ ಸಮುದಾಯವು ಧಾನ್ಯ, ವೀಳ್ಯದೆಲೆ ಮೊದಲಾದ ಸರಕಿನಲ್ಲಿ ಇಂತಿಷ್ಟೆಂದು ಜಿನಾಲಯಕ್ಕೆ ಸಲ್ಲಿಸಲು ಒಪ್ಪಿತು. ಈ ಪಾಲಿಗೆ ಲಾಭಾಂಶವಿಲ್ಲ, ಮರಳಿ ಕೇಳುವ ಹಕ್ಕಿಲ್ಲ. ಆದರೂ ಅದು ಮನಸ್ಸು ಬಂದಾಗ ಹಾಕುವ ಕಾಣಿಕೆಯಲ್ಲ, ಕಲ್ಲಿನ ಮೇಲೆ ಬರೆದುಕೊಟ್ಟ ಕಟ್ಟಳೆ.

ಬಂಡವಾಳದ ಶೇರು ಬಂದದ್ದು ಬಹಳ ತಡವಾಗಿ. 1885ರಲ್ಲಿ ಸ್ಥಾಪಿತವಾದ ಗೋಕಾಕದ ಗಿರಣಿ ಕಂಪನಿಯು ಜಲಪಾತದ ಶಕ್ತಿಯನ್ನು ನಂಬಿ ನಿಂತಿತು. ಕಂಪನಿಯಲ್ಲಿ ಶೇರುಗಳ ಸಂಖ್ಯೆಗೆ ತಕ್ಕಂತೆ ಮತ. 1904ರ ಸಹಕಾರ ಕಾಯಿದೆಯ ನಂತರ, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಿಂದ ಆರಂಭವಾದ ಸಹಕಾರ ಚಳವಳಿಯು ಬೇರೆ ನೀತಿಯನ್ನು ತಂದಿತು: ಶೇರು ಎಷ್ಟೇ ಇರಲಿ, ಸದಸ್ಯನಿಗೆ ಮತ ಒಂದೇ. 1969ರಲ್ಲಿ ಹುಟ್ಟಿದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಲ್ಲಿ ದೀಪ ಉರಿಸುವ ರೈತನೇ ಪಾಲುದಾರನಾದನು.

ಜೈನಾಚಾರದಲ್ಲಿ ಇದಕ್ಕೆಲ್ಲ ಮೊದಲೇ ಒಂದು ಶಬ್ದವಿದೆ, ಅತಿಥಿ ಸಂವಿಭಾಗ. ಶ್ರಾವಕನ ಹನ್ನೆರಡು ವ್ರತಗಳಲ್ಲಿ ಇದನ್ನು ಕೊನೆಯದಾಗಿ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಎಣಿಸುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅದೇ ಸ್ಥಾನಕ್ಕೆ ವೈಯಾವೃತ್ಯವನ್ನು ಹೇಳುತ್ತಾರೆ. ಸಂವಿಭಾಗವೆಂದರೆ ಬರಿಯ ವಿಭಾಗವಲ್ಲ, ಸರಿಯಾದ ವಿಭಾಗ. ಮುನಿಗಳಿಗೆಂದೇ ಬೇಯಿಸಿದ ಉದ್ದಿಷ್ಟ ಆಹಾರವು ಅವರಿಗೆ ಸಲ್ಲದು. ಶ್ರಾವಕನು ತನಗಾಗಿ ಮಾಡಿಕೊಂಡ ಶುದ್ಧ ಆಹಾರದಲ್ಲಿಯೇ ಭಾಗ ತೆಗೆಯಬೇಕು. ಅಂದರೆ ಹಂಚುವ ವಸ್ತು ಮೊದಲು ಹಂಚುವವನದ್ದಾಗಿರಬೇಕು.

ಈ ನಿಯಮವನ್ನು ಅಡುಗೆಮನೆಯಿಂದ ಹೊಲದವರೆಗೆ ಒಯ್ದರೆ ಇಂದಿನ ಶ್ರಾವಕ ಮನೆತನಗಳಿಗೆ ಇಕ್ಕಟ್ಟಾಗುತ್ತದೆ. ಮಿತಾಕ್ಷರದ ಪದ್ಧತಿಯಲ್ಲಿ ಪಿತ್ರಾರ್ಜಿತದ ಪಾಲು ಗಂಡುಮಗನಿಗೆ ಹುಟ್ಟಿನಿಂದಲೇ ಬರುತ್ತಿತ್ತು, ಮಗಳಿಗೆ ಬರುತ್ತಿರಲಿಲ್ಲ. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಈ ಭೇದವನ್ನು ಪೂರ್ಣವಾಗಿ ತೆಗೆಯಲಿಲ್ಲ. ಕರ್ನಾಟಕದ 1994ರ ತಿದ್ದುಪಡಿಯು ಅವಿವಾಹಿತ ಮಗಳಿಗೆ ಸಮಪಾಲು ಕೊಟ್ಟಿತು. ಅದಕ್ಕೆ ಮೊದಲೇ ಮದುವೆಯಾದವಳನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯು ಆ ತಡೆಯನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಬೇಕಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿನೀತಾ ಶರ್ಮಾ ಪ್ರಕರಣದಲ್ಲಿ ನಿರ್ಣಯಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಮುಗಿದ ವಾಟಣಿಗಳು ಮಾತ್ರ ಹಾಗೆಯೇ ಉಳಿದವು.

ಕಾಯಿದೆ ಬದಲಾಯಿತು, ರೂಢಿ ಅಷ್ಟು ಬೇಗ ಬದಲಾಗಲಿಲ್ಲ. ಅಕ್ಕತಂಗಿಯರನ್ನು ಹಬ್ಬಕ್ಕೆ ಕರೆದು, ಸೀರೆ ಉಡಿಸಿ, ಉಡಿ ತುಂಬಿ, ಹಕ್ಕುಬಿಟ್ಟ ಪತ್ರಕ್ಕೆ ಸಹಿ ಮಾಡಿಸಿಕೊಳ್ಳುವುದು ಈ ಭಾಗಕ್ಕೆ ಹೊಸತಲ್ಲ. ಸಹಿ ಮಾಡದಿದ್ದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯು ಪತ್ರದಲ್ಲಿ ದಾಖಲಾಗುವುದಿಲ್ಲ. ಕೊಡದಿದ್ದುದನ್ನು ತೆಗೆದುಕೊಳ್ಳುವುದಕ್ಕೆ ಜೈನಶಾಸ್ತ್ರವು ಅದತ್ತಾದಾನವೆಂದು ಹೆಸರಿಟ್ಟು ಅದನ್ನು ಚೌರ್ಯದಲ್ಲಿ ಎಣಿಸುತ್ತದೆ. ಅಂಜಿಕೆಯಿಂದ ಬಿಟ್ಟ ಹಕ್ಕನ್ನು ‘ದತ್ತ’ವೆನ್ನಬಹುದೇ? ಉಪನೋಂದಣಿ ಕಚೇರಿಗೆ ಸಹಿ ಸಾಕು, ಅಣುವ್ರತಿಗೆ ಅಷ್ಟೇ ಸಾಲದು. ತಂಗಿಯ ಪಾಲೂ ಸೇರಿದ ಹೊಲದ ಉತ್ಪನ್ನದಿಂದ ಅಣ್ಣನು ಪಂಚಕಲ್ಯಾಣದ ಸವಾಲು ಹಿಡಿದರೆ, ಕೊಟ್ಟವನ ಹೆಸರು ಫಲಕದ ಮೇಲೆ ಒಂದೇ ಇರುತ್ತದೆ.

ಬಸದಿಯ ಟ್ರಸ್ಟುಗಳಿಗೂ ಇದು ಹೊರಗಿನ ವಿಷಯವಲ್ಲ. ವಾಟಣಿಯಾಗದ ಜಮೀನನ್ನು ದಾನವಾಗಿ ಸ್ವೀಕರಿಸುವಾಗ ಉತಾರದಲ್ಲಿರುವ ಹೆಸರುಗಳನ್ನಷ್ಟೇ ನೋಡಿದರೆ ಸಾಲದು, ಉತಾರದಲ್ಲಿ ಬಾರದ ಹೆಣ್ಣುಮಕ್ಕಳೆಷ್ಟು ಜನರೆಂದು ಕೇಳಬೇಕಾಗುತ್ತದೆ. ಅವರೂ ಮನಸಾರೆ ಒಪ್ಪಿ ದಾನಪತ್ರದಲ್ಲಿ ದಾನಿಗಳಾಗಿಯೇ ಸಹಿ ಮಾಡಿದರೆ, ಮುಂದೆ ದಾವೆಯ ಭಯವೂ ಇರದು, ಫಲಕದ ಮೇಲೆ ಅವರ ಹೆಸರೂ ಬಂದೀತು.