ರಾಮಬಾಣದ ಹುಡುಕಾಟ

ತಪ್ಪದೆ ಗುಣ ಕೊಡುವ ಔಷಧವನ್ನು ನಮ್ಮವರು ‘ರಾಮಬಾಣ’ ಎನ್ನುತ್ತಾರೆ. ಈ ನುಡಿಗಟ್ಟನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಅದರ ಅರ್ಥ ಮನಸ್ಸಿಗೆ ನಾಟಿದ್ದು ಮಾತ್ರ ಅಕ್ಕನ ಮಂಚದ ಪಕ್ಕದಲ್ಲಿ ಕುಳಿತಿದ್ದಾಗ. ಅರ್ಬುದಕ್ಕೆಂದು ಅವಳ ನರದೊಳಗೆ ಹನಿಹನಿಯಾಗಿ ಇಳಿಯುತ್ತಿದ್ದ ಕೆಂಪು ಔಷಧದ ಹೆಸರು ಡಾಕ್ಸೊರುಬಿಸಿನ್. ಅದು ರೋಗವನ್ನು ಹೊಡೆಯಿತು, ಕೂದಲನ್ನೂ ಉದುರಿಸಿತು. ಹೃದಯಕ್ಕೂ ಕೆಡುಕಾದೀತೆಂದು ವೈದ್ಯರು ಅಳೆದು ಅಳೆದು ಕೊಡುತ್ತಿದ್ದರು.

ರೋಗವನ್ನಷ್ಟೇ ಹುಡುಕಿ ಹೊಡೆಯುವ ಮದ್ದು ಸಾಧ್ಯವೆ? ಈ ಪ್ರಶ್ನೆಯನ್ನು ವಿಜ್ಞಾನದ ಮಾತಿನಲ್ಲಿ ಕೇಳಿದವರು ಜರ್ಮನಿಯ ಪಾಲ್ ಎರ್ಲಿಕ್ (1854–1915). ಕೆಲವು ಬಣ್ಣಗಳು ಕೆಲವು ಜೀವಕೋಶಗಳಿಗೆ ಮಾತ್ರ ಅಂಟುವುದನ್ನು ಕಂಡು, ಮದ್ದೂ ಹಾಗೇಕೆ ಅಂಟಬಾರದು ಎಂದು ಅವರು ಯೋಚಿಸಿದರು. ಅಂಥ ಮದ್ದನ್ನು ‘ಮಾಯಾಗುಂಡು’ ಎಂದರು. 1910ರಲ್ಲಿ ಸಿಫಿಲಿಸ್ ರೋಗಕ್ಕೆ ಸಾಲ್ವರ್ಸಾನ್ ತಂದರು. ಅರ್ಬುದದ ಮುಂದೆ ಮಾತ್ರ ಆ ಗುಂಡು ಸಾಗಲಿಲ್ಲ. ನಮ್ಮದು ಬಾಣ, ಅವರದು ಗುಂಡು, ಆಸೆ ಒಂದೇ.

ಬಾಣಕ್ಕೆ ಬತ್ತಳಿಕೆ ದೊರೆತದ್ದು ಬೇರೊಂದು ದಾರಿಯಲ್ಲಿ. 1960ರ ದಶಕದ ಮೊದಲಲ್ಲಿ, ಕೇಂಬ್ರಿಜ್ ಬಳಿಯ ಬಾಬ್ರಹಾಮಿನಲ್ಲಿ ಅಲೆಕ್ ಬ್ಯಾಂಗಮ್ ಅವರು ಒಂದು ಸೋಜಿಗವನ್ನು ಕಂಡರು. ಮೊಟ್ಟೆಯ ಹಳದಿಯಲ್ಲಿರುವಂಥ ಕೊಬ್ಬು ನೀರಿನಲ್ಲಿ ತಾನಾಗಿಯೇ ಸಣ್ಣ ಗುಳ್ಳೆಗಳಾಗುತ್ತಿತ್ತು. ಇವೇ ಲೈಪೊಸೋಮುಗಳು. ಅವುಗಳೊಳಗೆ ಔಷಧವನ್ನು ತುಂಬುವ ವಿಚಾರ 1970ರ ದಶಕದಲ್ಲಿ ಬೆಳೆಯಿತು. ಅರ್ಬುದದ ಗಂಟಿನ ರಕ್ತನಾಳಗಳು ಸೋರುತ್ತವೆ, ಒಳಹೊಕ್ಕ ದೊಡ್ಡ ಅಣುಗಳು ಅಲ್ಲಿಯೇ ಉಳಿಯುತ್ತವೆ ಎಂದು 1986ರಲ್ಲಿ ಜಪಾನಿನ ಮತ್ಸುಮುರಾ ಮತ್ತು ಮಾಯೆದಾ ತೋರಿಸಿದರು. 1995ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್‌ಗೆ ಒಪ್ಪಿಗೆ ದೊರೆಯಿತು. ಅದೇ ಕೆಂಪು ಔಷಧ. ಮಿಲಿಮೀಟರಿನ ಸುಮಾರು ಹತ್ತು ಸಾವಿರದಲ್ಲೊಂದು ಪಾಲಿನ ಗುಳ್ಳೆಯಲ್ಲಿ ಕುಳಿತದ್ದು. ಹೃದಯಕ್ಕೆ ಪೆಟ್ಟು ಕಡಿಮೆಯಾಯಿತು. ಅಂಗೈ ಅಂಗಾಲುಗಳ ಚರ್ಮ ಕೆಂಪಾಗಿ ಸುಲಿಯುವ ಬಾಧೆ ಹೊಸದಾಗಿ ಬಂತು. ಮರುವರ್ಷವೇ ಕಬ್ಬಿಣದ ಆಕ್ಸೈಡಿನ ಕಣಗಳು ಯಕೃತ್ತಿನ ಚಿತ್ರಣಕ್ಕೂ ಒದಗಿದವು. ಆರೋಗ್ಯವಾದ ಭಾಗ ಅವನ್ನು ನುಂಗಿತು. ನುಂಗದ ಗಂಟು ಚಿತ್ರದಲ್ಲಿ ಬೇರೆಯಾಗಿ ಕಂಡಿತು.

ಆದರೆ ಗೆದ್ದೆವೆಂದು ಹೇಳುವಂತಿಲ್ಲ. ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನು ಕಲೆಹಾಕಿ ನೋಡಿದ ಟೊರಾಂಟೊದ ಸಂಶೋಧಕರು 2016ರಲ್ಲಿ ಒಂದು ಲೆಕ್ಕ ಕೊಟ್ಟರು. ಚುಚ್ಚಿದ ಕಣಗಳಲ್ಲಿ ಗಂಟನ್ನು ಸೇರಿದ್ದು, ಮಧ್ಯಮ ಎಣಿಕೆಯಲ್ಲಿ, ನೂರಕ್ಕೆ 0.7 ಪಾಲು!

ನೂರರಲ್ಲಿ ಒಂದೂ ಮುಟ್ಟದ್ದನ್ನು ರಾಮಬಾಣವೆನ್ನಲು ನನ್ನ ನಾಲಿಗೆ ಏಳದು. ಆದರೂ ಮಹಡಿಯ ಮೆಟ್ಟಿಲ ನಡುವೆ ನಿಂತು ಅಕ್ಕ ಏದುಸಿರು ಬಿಡುವಾಗ, ಹೃದಯವನ್ನು ಬಿಟ್ಟು ಹೋಗಲು ಕಲಿತ ಬಾಣವೂ ಸಣ್ಣದಲ್ಲ ಎನ್ನಿಸುತ್ತದೆ.