ಲೆಕ್ಕ ಕೇಳಿದ ಡಿಫೆಂಡರ್

ಹಾಕಿ ಅಂದ ಕೂಡಲೇ ನಮಗೆ ನೆನಪಾಗೋದು ಕೊಡಗು, ಧ್ಯಾನ್ ಚಂದ್, ಧನರಾಜ್ ಪಿಳ್ಳೆ. ಕೆನಡಾದವರಿಗೆ ಹಾಗಲ್ಲ. ಅಲ್ಲಿ ಬರೀ ‘ಹಾಕಿ’ ಅಂದರೆ ಐಸ್ ಹಾಕಿ. ನಮ್ಮದನ್ನು ಅವರು ‘ಫೀಲ್ಡ್ ಹಾಕಿ’ ಅಂತ ಬೇರೆಯಾಗಿ ಕರೀತಾರೆ! ಮಂಜುಗಡ್ಡೆಯ ಅಂಗಳ, ಕಾಲಿಗೆ ಸ್ಕೇಟು, ಚೆಂಡಿನ ಬದಲು ‘ಪಕ್’ ಅನ್ನೋ ರಬ್ಬರಿನ ಬಿಲ್ಲೆ. ಒಂದೊಂದು ಕಡೆ ಗೋಲಿಯೂ ಸೇರಿ ಆರು ಜನ, ಅದರಲ್ಲಿ ಇಬ್ಬರು ಡಿಫೆಂಡರ್‌ಗಳು. ಈ ಇಬ್ಬರ ಕೆಲಸ ನಮ್ಮ ಪ್ರೊಡಕ್ಷನ್ ಸಪೋರ್ಟ್ ಇದ್ದ ಹಾಗೆ. ಎಲ್ಲ ಸರಿಯಾಗಿದ್ದಾಗ ಯಾರೂ ಹೆಸರೆತ್ತಲ್ಲ, ಗೋಲು ಬಿತ್ತು ಅಂದರೆ ಮೊದಲು ನೋಡೋದು ಅವರ ಮುಖ :-)

ಈ ಆಟದ ಇತಿಹಾಸ ಓದಲು ಕೂತರೆ ಸಿಗುವುದೆಲ್ಲ ಗೋಲು ಹೊಡೆದವರ ಕಥೆಗಳೇ. ನನಗೆ ಹಿಡಿಸಿದ್ದು ಮಾತ್ರ ಎನ್.ಎಚ್.ಎಲ್.ನ 604 ಪಂದ್ಯಗಳಲ್ಲಿ ಬರೀ 25 ಗೋಲು ಹೊಡೆದ ಒಬ್ಬ ಡಿಫೆಂಡರ್‌ನ ಕಥೆ. ಹೆಸರು ಕಾರ್ಲ್ ಬ್ರೂವರ್. ಹುಟ್ಟಿದ್ದು 1938ರಲ್ಲಿ, ಟೊರಾಂಟೊದಲ್ಲಿ. 1958ರಿಂದ ಅದೇ ಊರಿನ ‘ಮೇಪಲ್ ಲೀಫ್ಸ್’ ತಂಡದ ಕಾಯಂ ಆಟಗಾರ. 1962, 63, 64 – ಸತತ ಮೂರು ವರ್ಷ ಸ್ಟ್ಯಾನ್ಲಿ ಕಪ್ ಗೆದ್ದ ತಂಡದಲ್ಲಿದ್ದ. 1963ರಲ್ಲಿ ಲೀಗಿನ ಮೊದಲ ಆಲ್-ಸ್ಟಾರ್ ತಂಡಕ್ಕೂ ಆಯ್ಕೆಯಾದ. ಸಾಧು ಆಟಗಾರನಂತೂ ಅಲ್ಲ. ಇಡೀ ಲೀಗಿನಲ್ಲಿ ಅತಿ ಹೆಚ್ಚು ಪೆನಾಲ್ಟಿ ನಿಮಿಷ ಗಳಿಸಿದ ‘ಕೀರ್ತಿ’ ಎರಡು ಸಲ ಆತನದಾಯಿತು, 1959-60ರಲ್ಲಿ ಮತ್ತೆ 1964-65ರಲ್ಲಿ.

ಬುದ್ಧಿವಂತಿಕೆಗೆ ಒಂದು ಉದಾಹರಣೆ ಕೇಳಿ. ಹಾಕಿ ಆಟಗಾರರು ದಪ್ಪ ಗ್ಲೌಸ್ ಹಾಕಿಕೊಳ್ತಾರಲ್ಲ, ಬ್ರೂವರ್ ತನ್ನ ಗ್ಲೌಸಿನ ಅಂಗೈ ಭಾಗವನ್ನು ಕತ್ತರಿಸಿಬಿಟ್ಟಿದ್ದ. ಮೇಲಿಂದ ನೋಡಿದರೆ ಎಲ್ಲ ಸರಿ. ಒಳಗಿನಿಂದ ಬರಿಗೈ ಹೊರಗೆ ಚಾಚಿ ಎದುರಾಳಿಯ ಅಂಗಿ ಹಿಡಿದು ಎಳೆಯೋದು, ರೆಫರಿಗೆ ಕಾಣೋದು ಗ್ಲೌಸು ಮಾತ್ರ! ಕೊನೆಗೆ ಇಂಥ ಗ್ಲೌಸು ಕೂಡದು ಅಂತ ಲೀಗ್ ನಿಯಮವನ್ನೇ ಮಾಡಬೇಕಾಯಿತು. ನಿಯಮದಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಅಂತ ನೋಡುವ ಈ ಚಾಳಿ ಮುಂದೆ ಆತನ ಉಪಯೋಗಕ್ಕೆ ಬಂತು.

ಆಗಿನ ಎನ್.ಎಚ್.ಎಲ್. ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. 1967ರವರೆಗೆ ಇದ್ದದ್ದು ಆರೇ ಆರು ತಂಡ. ಅಂದರೆ ಇಡೀ ಲೀಗಿನಲ್ಲಿ ಇದ್ದ ಉದ್ಯೋಗ ನೂರಿಪ್ಪತ್ತರ ಆಸುಪಾಸು. ಹೊರಗೆ ಕೆಳ ಲೀಗುಗಳಲ್ಲಿ ನೂರಾರು ಹುಡುಗರು ಕಾಯ್ತಿದ್ದರು. ಒಮ್ಮೆ ಒಂದು ತಂಡಕ್ಕೆ ಸಹಿ ಹಾಕಿದರೆ ಮುಗೀತು, ತಂಡವೇ ಬಿಡುವವರೆಗೆ ಬೇರೆ ಕಡೆ ಆಡುವ ಹಾಗಿಲ್ಲ. ನೋಟಿಸ್ ಪೀರಿಯಡ್ ಮೂರು ತಿಂಗಳಾಯ್ತು ಅಂತ ಗೊಣಗುವ ನಾವು ಇದನ್ನೊಮ್ಮೆ ಯೋಚಿಸಬೇಕು. 1957ರಲ್ಲಿ ಡೆಟ್ರಾಯಿಟ್‌ನ ಟೆಡ್ ಲಿಂಡ್ಸೆ ಕೆಲವರನ್ನು ಸೇರಿಸಿ ಆಟಗಾರರ ಸಂಘ ಕಟ್ಟಲು ಹೋದ. ಅವರು ಕೇಳಿದ್ದರಲ್ಲಿ ಒಂದು, ಪಿಂಚಣಿ ನಿಧಿಯ ಲೆಕ್ಕ. ಅದೇ ವರ್ಷ ಲಿಂಡ್ಸೆಯನ್ನು, ಆಗ ಪಾತಾಳದಲ್ಲಿದ್ದ ಶಿಕಾಗೋ ತಂಡಕ್ಕೆ ಸಾಗಹಾಕಿದರು. ಸಂಘ ಅಲ್ಲಿಗೇ ಮುಗಿಯಿತು. ಲೆಕ್ಕ ಕೇಳಿದವರಿಗೆ ಏನಾಗುತ್ತೆ ಅಂತ ಎಲ್ಲರಿಗೂ ಅರ್ಥವಾಯಿತು.

ಬ್ರೂವರ್‌ಗೆ ಕೋಚ್ ಪಂಚ್ ಇಮ್ಲಾಕ್ ಜೊತೆ ಎಂದೂ ಸರಿಹೋಗಲಿಲ್ಲ. ಇಮ್ಲಾಕ್ ಹಳೇ ಕಾಲದ ಹೆಡ್‌ಮಾಸ್ಟರ್ ಥರದವನು, ಬೈದರೇ ಕೆಲಸ ನಡೆಯೋದು ಅಂತ ನಂಬಿದವನು. 1965ರಲ್ಲಿ ಹೊಸ ಸೀಸನ್ನಿನ ಶಿಬಿರ ನಡೀತಿರುವಾಗಲೇ ಬ್ರೂವರ್ ‘ಸಾಕು’ ಅಂತ ಎದ್ದು ಹೊರಟುಬಿಟ್ಟ. ವಯಸ್ಸು ಇನ್ನೂ 27 ತುಂಬಿರಲಿಲ್ಲ. ಹಿಂದಿನ ಸೀಸನ್ನಿನಲ್ಲಷ್ಟೇ ಎರಡನೇ ಆಲ್-ಸ್ಟಾರ್ ತಂಡದಲ್ಲಿದ್ದವನು! ನೇರ ಹೋಗಿ ವಿಶ್ವವಿದ್ಯಾಲಯದ ಬೆಂಚಿನಲ್ಲಿ ಕೂತ.

ಇಲ್ಲಿಂದ ಅಲೆದಾಟ ಶುರು. ಕೆನಡಾದ ರಾಷ್ಟ್ರೀಯ ತಂಡದಲ್ಲಿ ಆಡೋಣ ಅಂದರೆ ಆಗ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ವೃತ್ತಿಪರರಿಗೆ ಅವಕಾಶವಿಲ್ಲ. ಮತ್ತೆ ‘ಹವ್ಯಾಸಿ’ ಅನ್ನಿಸಿಕೊಳ್ಳಲು ಹಗ್ಗಜಗ್ಗಾಟ ನಡೆಸಿ, ಗೆದ್ದು, 1967ರಲ್ಲಿ ವಿಯೆನ್ನಾದಲ್ಲಿ ಕಂಚು ಗೆದ್ದ ತಂಡದಲ್ಲಿ ಆಡಿದ. ಆಮೇಲೆ ಮಿಶಿಗನ್ನಿನ ಮಸ್ಕೀಗನ್ ಅನ್ನೋ ಸಣ್ಣ ಊರಿನ ತಂಡಕ್ಕೆ ಆಟಗಾರ ಮತ್ತು ಕೋಚ್. ಅಲ್ಲಿರುವಾಗಲೇ, 1968ರ ಮಾರ್ಚಿನಲ್ಲಿ, ಟೊರಾಂಟೊದವರು ಫ್ರ್ಯಾಂಕ್ ಮಹೋವ್ಲಿಚ್‌ನನ್ನು ಡೆಟ್ರಾಯಿಟ್‌ಗೆ ಕೊಟ್ಟ ದೊಡ್ಡ ವಿನಿಮಯದಲ್ಲಿ ಬ್ರೂವರ್‌ನ ‘ಹಕ್ಕ’ನ್ನೂ ಸೇರಿಸಿ ಕೊಟ್ಟರು. ಎರಡೂವರೆ ವರ್ಷದ ಹಿಂದೆ ರಾಜೀನಾಮೆ ಕೊಟ್ಟು ಬಂದ ಕಂಪನಿ ಈಗ ನಮ್ಮನ್ನು ಇನ್ನೊಂದು ಕಂಪನಿಗೆ ಮಾರಿದರೆ ಹೇಗಿರುತ್ತೆ? ಹಾಗೆ.

ಬ್ರೂವರ್ ಡೆಟ್ರಾಯಿಟ್‌ಗೆ ಓಡಲಿಲ್ಲ, ಫಿನ್ಲೆಂಡಿಗೆ ಹೋದ. ಹೆಲ್ಸಿಂಕಿಯ ಎಚ್.ಐ.ಎಫ್.ಕೆ. ತಂಡಕ್ಕೂ ಆಟಗಾರ ಮತ್ತು ಕೋಚ್. 1969ರಲ್ಲಿ ಆ ತಂಡ ಮೊಟ್ಟಮೊದಲ ಬಾರಿಗೆ ದೇಶದ ಚಾಂಪಿಯನ್ ಆಯಿತು. ಆಮೇಲೆ 1969-70ರಲ್ಲಿ ಡೆಟ್ರಾಯಿಟ್. ನಾಲ್ಕು ವರ್ಷ ಎನ್.ಎಚ್.ಎಲ್. ಮುಖ ನೋಡದೆ ಬಂದು ಮತ್ತೆ ಎರಡನೇ ಆಲ್-ಸ್ಟಾರ್ ತಂಡದಲ್ಲಿ ಜಾಗ! ಆದರೂ ಅಲ್ಲಿ ಒಂದೇ ವರ್ಷ. ಆಮೇಲೆ ಸೇಂಟ್ ಲೂಯಿಸ್, ಮತ್ತೆ ನಿವೃತ್ತಿ, 1973-74ರಲ್ಲಿ ಎನ್.ಎಚ್.ಎಲ್.ಗೆ ಎದುರಾಗಿ ಹುಟ್ಟಿದ್ದ ಡಬ್ಲ್ಯು.ಎಚ್.ಎ. ಲೀಗಿನ ಟೊರಾಂಟೊ ಟೋರೋಸ್, ಮತ್ತೆ ನಿವೃತ್ತಿ.

1979ರಲ್ಲಿ ಇಮ್ಲಾಕ್ ಲೀಫ್ಸ್ ತಂಡಕ್ಕೆ ಜನರಲ್ ಮ್ಯಾನೇಜರ್ ಆಗಿ ವಾಪಸ್ ಬಂದ. ಆತ ಕರೆಸಿಕೊಂಡದ್ದು ಯಾರನ್ನು ಅಂತೀರಿ? 41ರ ಬ್ರೂವರ್‌ನನ್ನು! ಅರ್ಧ ವಯಸ್ಸಿನ ಹುಡುಗರಿದ್ದ ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರಿಗೂ ಒಂದೇ ಗುಮಾನಿ, ಈತ ಇಮ್ಲಾಕ್‌ನ ಗೂಢಚಾರ ಅಂತ. 20 ಪಂದ್ಯ, 5 ಅಸಿಸ್ಟ್, ಸೊನ್ನೆ ಗೋಲು. ಆಟ ಅಲ್ಲಿಗೆ ಮುಗಿಯಿತು.

ಇಷ್ಟೇ ಆಗಿದ್ದರೆ ನಾನು ಈ ಪೋಸ್ಟ್ ಬರೀತಿರಲಿಲ್ಲ. ಒಂದು ಕಡೆ ನಿಲ್ಲದ, ಯಾರ ಮಾತೂ ಕೇಳದ ಒಬ್ಬ ತಿಕ್ಕಲು ಆಟಗಾರ ಅಂತ ಮುಂದೆ ಹೋಗ್ತಿದ್ದೆ.

ಲೀಗಿನ ಪಿಂಚಣಿ ನಿಧಿ ಶುರುವಾದದ್ದು 1947ರಲ್ಲಿ. ಆಟಗಾರರು ತಮ್ಮ ಸಂಬಳದಿಂದ ವರ್ಷಕ್ಕೆ 900 ಡಾಲರ್ ಹಾಕ್ತಿದ್ದರು, ಆಗಿನ ಸಂಬಳಕ್ಕೆ ಅದು ಚಿಲ್ಲರೆ ಹಣವಲ್ಲ. ಆಲ್-ಸ್ಟಾರ್ ಪಂದ್ಯದ ಆದಾಯವೂ ಅದಕ್ಕೆ ಸೇರುತ್ತಿತ್ತು. ನಿಧಿಯ ಮಂಡಳಿಯಲ್ಲಿ ಆಟಗಾರರ ಪ್ರತಿನಿಧಿಗಳಿದ್ದರು, 1969ರಲ್ಲಿ ಅವರ ಜಾಗ ಹೋಯಿತು. ಎಪ್ಪತ್ತರ ದಶಕದ ಕೊನೆಗೆ ಬಡ್ಡಿ ದರ ಏರಿತು, ನಿಧಿ ಅಂದಾಜಿಗಿಂತ ಎಷ್ಟೋ ಹೆಚ್ಚು ಬೆಳೆಯಿತು. ಈ ಹೆಚ್ಚುವರಿ ಹಣ ಯಾರದ್ದು? ತಂಡಗಳ ಮಾಲೀಕರು ‘ನಮ್ಮದು’ ಅಂದುಕೊಂಡರು. ಅದರ ಬಹುಪಾಲನ್ನು ತಾವು ಕಟ್ಟಬೇಕಾಗಿದ್ದ ವಂತಿಗೆಗೇ ಹಾಕಿಕೊಂಡರು. ಅಂದರೆ ಆಫೀಸಿನವರು ಪಿ.ಎಫ್.ಗೆ ಕಟ್ಟಬೇಕಾದ ತಮ್ಮ ಪಾಲನ್ನು ನಮ್ಮದೇ ಖಾತೆಯ ಬಡ್ಡಿಯಿಂದ ಕಟ್ಟಿದ ಹಾಗೆ. 26 ಸೀಸನ್ ಎನ್.ಎಚ್.ಎಲ್. ಆಡಿದ ಗೋರ್ಡಿ ಹೋವ್, ಆ ಆಟದ ತೆಂಡೂಲ್ಕರ್ ಅನ್ನಿ, ಆತನಿಗೆ ಬರುತ್ತಿದ್ದ ಪಿಂಚಣಿ ವರ್ಷಕ್ಕೆ ಸುಮಾರು 13 ಸಾವಿರ ಡಾಲರ್!

ಆಟಗಾರರ ಸಂಘ ಇರಲಿಲ್ಲವೇ? ಇತ್ತು. 1967ರಲ್ಲಿ ಅದನ್ನು ಕಟ್ಟಿ ಇಪ್ಪತ್ತನಾಲ್ಕು ವರ್ಷಕ್ಕೂ ಹೆಚ್ಚು ಕಾಲ ನಡೆಸಿದವನು ಟೊರಾಂಟೊದ ವಕೀಲ ಆಲನ್ ಈಗಲ್ಸನ್. ಸಂಘದ ಮುಖ್ಯಸ್ಥನೂ ಆತನೇ, ಹಲವು ಆಟಗಾರರ ಏಜೆಂಟೂ ಆತನೇ, ಅಂತರರಾಷ್ಟ್ರೀಯ ಪಂದ್ಯಾವಳಿಗಳ ಸಂಘಟಕನೂ ಆತನೇ. ಬ್ರೂವರ್‌ಗೆ ಹಳೆಯ ಪರಿಚಯ. ಅದೇ ಬ್ರೂವರ್ ಎಂಬತ್ತರ ದಶಕದಲ್ಲಿ ತನ್ನ ಸಂಗಾತಿ ಸೂಸನ್ ಫಾಸ್ಟರ್ ಜೊತೆ ಕೂತು ಕಾಗದ ಪತ್ರ ಕೆದಕಲು ಶುರುಮಾಡಿದ. ಪತ್ರ ಬರೆಯೋದು, ಉತ್ತರ ಬರದಿದ್ದರೆ ಮತ್ತೆ ಬರೆಯೋದು, ಹಳೇ ಆಟಗಾರರಿಗೆ ಫೋನ್ ಮಾಡೋದು. ಬಹಳ ಜನರಿಗೆ ಈತ ತಲೆನೋವು ಅನ್ನಿಸಿರಬೇಕು, ಡಿಫೆಂಡರ್ ಬುದ್ಧಿ ಎಲ್ಲಿ ಹೋಗುತ್ತೆ! ಹಿಡಿದ ಅಂಗಿ ಬಿಡಲಿಲ್ಲ.

1991ರಲ್ಲಿ ಏಳು ಜನ ಮಾಜಿ ಆಟಗಾರರು ಪಿಂಚಣಿ ಸೊಸೈಟಿಯ ಮೇಲೆ ಒಂಟಾರಿಯೋದ ಕೋರ್ಟಿಗೆ ಹೋದರು. ಆಂಡಿ ಬಾತ್‌ಗೇಟ್, ಗೋರ್ಡಿ ಹೋವ್, ಬಾಬಿ ಹಲ್, ಅಲನ್ ಸ್ಟ್ಯಾನ್ಲಿ, ಎಡ್ಡಿ ಶ್ಯಾಕ್, ಲಿಯೋ ರೈಸ್, ಮತ್ತೆ ನಮ್ಮ ಬ್ರೂವರ್. 1992ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಜಾರ್ಜ್ ಆಡಮ್ಸ್ ತೀರ್ಪು ಕೊಟ್ಟರು. ನಿಧಿಯ ಮೂಲ ದಾಖಲೆಯಲ್ಲೇ ಈ ಹಣ ಅದರ ಸದಸ್ಯರ ಪ್ರಯೋಜನಕ್ಕೆ ಮಾತ್ರ ಅಂತಿದೆ, ಹಾಗಾಗಿ ಹೆಚ್ಚುವರಿಯೂ ಆಟಗಾರರದ್ದೇ ಅಂತ. ಲೀಗ್ ಮೇಲ್ಮನವಿ ಹಾಕಿತು, 1994ರ ಫೆಬ್ರವರಿಯಲ್ಲಿ ಸೋತಿತು. ಅದೇ ವರ್ಷ ಕೆನಡಾದ ಸುಪ್ರೀಂ ಕೋರ್ಟು ಕೇಸು ಕೇಳಲೂ ಒಪ್ಪಲಿಲ್ಲ. ಬಡ್ಡಿಯೂ ಸೇರಿ 4 ಕೋಟಿ ಡಾಲರಿಗೂ ಹೆಚ್ಚು ಹಣ ಸಾವಿರಕ್ಕೂ ಹೆಚ್ಚು ಮಾಜಿ ಆಟಗಾರರ ಪಾಲಾಯಿತು. 1957ರಲ್ಲಿ ಲಿಂಡ್ಸೆ ಕೇಳಿದ ಲೆಕ್ಕಕ್ಕೆ ಉತ್ತರ ಬರಲು 37 ವರ್ಷ ಬೇಕಾಯಿತು ನೋಡಿ.

ಈಗಲ್ಸನ್ ಕಥೆ ಇನ್ನೂ ದೊಡ್ಡದು, ಅದಕ್ಕೇ ಬೇರೆ ಪೋಸ್ಟ್ ಬೇಕು. ಮ್ಯಾಸಚೂಸೆಟ್ಸ್‌ನ ‘ಈಗಲ್-ಟ್ರಿಬ್ಯೂನ್’ ಅನ್ನೋ ಊರಮಟ್ಟದ ಪತ್ರಿಕೆಯ ಕ್ರೀಡಾ ಸಂಪಾದಕ ರಸ್ ಕಾನ್ವೇ 1991ರಿಂದ ಆತನ ವ್ಯವಹಾರಗಳ ಬಗ್ಗೆ ಸರಣಿ ಬರೆದ. 1994ರಲ್ಲಿ ಅಮೆರಿಕದಲ್ಲಿ ದೋಷಾರೋಪ. 1998ರ ಜನವರಿಯಲ್ಲಿ ಈಗಲ್ಸನ್ ಬಾಸ್ಟನ್ನಿನಲ್ಲಿ ಮೋಸ ಒಪ್ಪಿಕೊಂಡು 10 ಲಕ್ಷ ಕೆನಡಾ ಡಾಲರ್ ದಂಡ ತೆತ್ತ, ಮರುದಿನ ಟೊರಾಂಟೊದಲ್ಲಿ 18 ತಿಂಗಳ ಜೈಲು ಶಿಕ್ಷೆ ಪಡೆದ. ಆದರೂ ಹಾಕಿ ಹಾಲ್ ಆಫ್ ಫೇಮ್‌ನಲ್ಲಿ ಆತನ ಹೆಸರು ಹಾಗೇ ಇತ್ತು. ಆತನಿದ್ದರೆ ನಾವಿರಲ್ಲ ಅಂತ ಹೆಸರಾಂತ ಮಾಜಿ ಆಟಗಾರರು ಪಟ್ಟು ಹಿಡಿದ ಮೇಲೆ, ಮಾರ್ಚಿನಲ್ಲಿ, ತಾನಾಗಿಯೇ ಬಿಟ್ಟು ಹೋದ.

ಬ್ರೂವರ್ ತೀರಿಕೊಂಡದ್ದು 2001ರ ಆಗಸ್ಟಿನಲ್ಲಿ, 62ನೇ ವಯಸ್ಸಿಗೆ, ಹುಟ್ಟಿದ ಟೊರಾಂಟೊದಲ್ಲೇ. ಹಾಲ್ ಆಫ್ ಫೇಮ್ ಇರುವುದೂ ಅದೇ ಊರಿನಲ್ಲಿ. ಆಗ ಅಲ್ಲಿ ಆತನ ಹೆಸರಿರಲಿಲ್ಲ.