ಸ್ಕ್ಯಾನರ್ ಆಲಿಕೆ

ಪೊಲೀಸ್ ಗಸ್ತು, ಅಗ್ನಿಶಾಮಕ ದಳ, ಆಂಬುಲೆನ್ಸ್, ರೈಲು, ವಿಮಾನ, ಹಡಗು ಮುಂತಾದವುಗಳ ಸಿಬ್ಬಂದಿ ಕೆಲಸದ ಮೇಲೆ ರೇಡಿಯೋದಲ್ಲಿ ಆಡುವ ಮಾತನ್ನು ಸ್ಕ್ಯಾನರ್ ಎಂಬ ರಿಸೀವರ್ ಇಟ್ಟುಕೊಂಡು ಕೇಳುವ ಹವ್ಯಾಸ. ಇದು ಬೇರೂರಿ ಬೆಳೆದದ್ದು ಮುಖ್ಯವಾಗಿ ಅಮೆರಿಕದಲ್ಲಿ. ಹ್ಯಾಮ್ ರೇಡಿಯೋದವರು ಕೇಳುತ್ತಾರೆ, ಮಾತಾಡುತ್ತಾರೆ. ಸ್ಕ್ಯಾನರ್ ಹವ್ಯಾಸಿಗೆ ಕೇಳುವುದಷ್ಟೇ ಕೆಲಸ. ಈ ಮಾತುಗಳೆಲ್ಲ ಊರಿನವರಿಗೂ ಕೇಳಲಿ ಎಂದು ಯಾರೂ ಏರ್ಪಾಡು ಮಾಡಿರಲಿಲ್ಲ. ಬಚ್ಚಿಟ್ಟು ಮಾತಾಡುವುದು ಆಗ ಬಲು ದುಬಾರಿ ಬಾಬತ್ತಾಗಿತ್ತು, ಹಾಗಾಗಿ ಎಲ್ಲರಿಗೂ ಕೇಳಿಸುವಂತೆಯೇ ಮಾತಾಡಿದರು. ಹವ್ಯಾಸದ ಏಳುಬೀಳಿನ ಕಥೆಯೆಲ್ಲ ಇದರಲ್ಲೇ ಅಡಗಿದೆ.

ಗಸ್ತು ಕಾರುಗಳಿಗೆ ರೇಡಿಯೋ ಅಳವಡಿಸಿ ಯಶಸ್ಸು ಕಂಡ ಮೊದಲಿಗರಲ್ಲಿ ಡೆಟ್ರಾಯಿಟ್ ಪೊಲೀಸರು ಪ್ರಮುಖರು. 1920ರ ದಶಕದ ಆರಂಭದಲ್ಲಿ ಅವರು ಪ್ರಯೋಗಕ್ಕಿಳಿದಾಗ ಸಿಕ್ಕಿದ್ದು ಮನರಂಜನಾ ನಿಲ್ದಾಣದ ಪರವಾನಗಿ; ಕಳುವಾದ ಕಾರಿನ ನಂಬರು ಹೇಳುವ ನಡುನಡುವೆ ಸಂಗೀತವನ್ನೂ ನುಡಿಸಬೇಕಾಗಿತ್ತು. 1928ರಲ್ಲಿ ನಿಯತ ಸೇವೆ ಶುರುವಾಯಿತಾದರೂ ಮಾತು ಏಕಮುಖ. ಕಾರಿನಲ್ಲಿದ್ದವನು ಉತ್ತರ ಕೊಡಬೇಕೆಂದರೆ ಎಲ್ಲಾದರೂ ಟೆಲಿಫೋನ್ ಹುಡುಕಬೇಕಿತ್ತು. 1933ರಲ್ಲಿ ನ್ಯೂಜೆರ್ಸಿಯ ಬೇಯೋನ್ ಊರಿನ ಪೊಲೀಸರು ಎರಡೂ ಕಡೆಯಿಂದ ಮಾತಾಡುವ ವ್ಯವಸ್ಥೆಯನ್ನು ತಂದರು. ಆ ಕಾಲದ ಪೊಲೀಸ್ ಪ್ರಸಾರ ನಡೆಯುತ್ತಿದ್ದದ್ದು ಮಧ್ಯಮ ತರಂಗದ ಪಟ್ಟಿಗೆ ತುಸು ಮೇಲೆ, ಸುಮಾರು 1,700 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ಮನೆಯ ರೇಡಿಯೋದ ಮುಳ್ಳನ್ನು ಕೊಂಚ ಅತ್ತ ಸರಿಸಿದರೆ ಸಾಕು, ಊರಿನ ಕಳ್ಳತನ, ಹೊಡೆದಾಟಗಳೆಲ್ಲ ಕಿವಿಗೆ ಬೀಳುತ್ತಿದ್ದವು. ತಯಾರಕರೂ ಸುಮ್ಮನಿರದೆ ಡಯಲಿನ ಮೇಲೆ ‘ಪೊಲೀಸ್’ ಎಂದೇ ಗುರುತು ಹಾಕಿ ಮಾರಿದರು! ನ್ಯೂಯಾರ್ಕಿನ ಛಾಯಾಗ್ರಾಹಕ ಆರ್ಥರ್ ಫೆಲಿಗ್, ‘ವೀಜಿ’ ಎಂದೇ ಹೆಸರಾದವನು, 1938ರ ಹೊತ್ತಿಗೆ ತನ್ನ ಕಾರಿನಲ್ಲೇ ಪೊಲೀಸ್ ರೇಡಿಯೋ ಇಟ್ಟುಕೊಳ್ಳಲು ಅನುಮತಿ ಪಡೆದಿದ್ದ. ಕೊಲೆ, ಬೆಂಕಿ ಅನಾಹುತದ ಜಾಗಗಳಿಗೆ ಸರಿರಾತ್ರಿಯಲ್ಲಿ ಧಾವಿಸಿ ಅವನು ತೆಗೆದ ಚಿತ್ರಗಳು ಇಂದು ಕಲಾ ಸಂಗ್ರಹಾಲಯಗಳಲ್ಲಿವೆ.

ಮಹಾಯುದ್ಧದ ನಂತರ ಈ ಸಂಭಾಷಣೆ ವಿಎಚ್‌ಎಫ್ ಪಟ್ಟಿಗೂ ಎಫ್‌ಎಂ ವಿಧಾನಕ್ಕೂ ಸರಿದು, ಕೇಳುವುದಕ್ಕೆ ಬೇರೆಯೇ ಪೆಟ್ಟಿಗೆ ಬೇಕಾಯಿತು. ಮೊದಮೊದಲ ಸ್ಕ್ಯಾನರ್‌ಗಳಲ್ಲಿ ಒಂದೊಂದು ಕಂಪನಾಂಕಕ್ಕೂ ಒಂದೊಂದು ಸ್ಫಟಿಕದ ತುಣುಕು ಕೂರಿಸಬೇಕಿತ್ತು; ಊರು ಬದಲಾಯಿಸಿದರೆ ಹೊಸ ಸ್ಫಟಿಕಗಳ ಖರ್ಚು. 1970ರ ದಶಕದ ನಡುವಿನಲ್ಲಿ ಎಲೆಕ್ಟ್ರಾ ಕಂಪನಿಯ ‘ಬೇರ್‌ಕ್ಯಾಟ್ 101’ ಈ ರಗಳೆಯನ್ನು ತಪ್ಪಿಸಿತು. ಜೊತೆಗೆ ಬಂದ ಸಂಕೇತ ಪುಸ್ತಕ ನೋಡಿಕೊಂಡು ಪುಟ್ಟ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿದರೆ ಬೇಕಾದ ಕಂಪನಾಂಕ ಸಿದ್ಧ. ಅಂಕಿಗಳನ್ನೇ ಒತ್ತುವ ಕೀಲಿಮಣೆ ಆಮೇಲೆ ಬಂತು.

ಯಂತ್ರದ ಕೆಲಸ ಸರಳ. ನೆನಪಿನಲ್ಲಿಟ್ಟ ವಾಹಿನಿಗಳನ್ನು ಒಂದಾದ ಮೇಲೊಂದು ಸರಸರನೆ ತಡವುತ್ತಾ ಹೋಗುತ್ತದೆ. ಎಲ್ಲಿ ಮಾತು ಕೇಳಿತೋ ಅಲ್ಲಿ ನಿಲ್ಲುತ್ತದೆ. ಮಾತು ಮುಗಿದ ಮೇಲೂ ಮರುತ್ತರ ತಪ್ಪದಿರಲೆಂದು ಒಂದೆರಡು ಸೆಕೆಂಡು ಕಾದು ಮುಂದೆ ಹೊರಡುತ್ತದೆ. ಮಾತಿಲ್ಲದಾಗಿನ ಬರೀ ಗೊರಗೊರ ಸದ್ದನ್ನು ಅಡಗಿಸುವ ‘ಸ್ಕ್ವೆಲ್ಚ್’ ಗುಂಡಿಯನ್ನು ಹದವಾಗಿ ತಿರುಗಿಸುವುದು ಹೊಸಬರಿಗೆ ಮೊದಲ ಪಾಠ.

ಕೇಳಿದ್ದು ಅರ್ಥವಾಗುವುದು ಬೇರೆ ಮಾತು. ಅಮೆರಿಕದ ಪೊಲೀಸರ ಮಾತಿನ ತುಂಬ ‘ಟೆನ್-ಫೋರ್’ ಮಾದರಿಯ ಸಂಕೇತಗಳು. ಇವು 1930ರ ದಶಕದ ಕೊನೆಗೆ ಇಲಿನಾಯ್‌ನಲ್ಲಿ ಹುಟ್ಟಿದವು. ಆಗಿನ ಕಾರುಗಳ ಪ್ರಸಾರಕಕ್ಕೆ ವಿದ್ಯುತ್ ಒದಗಿಸುತ್ತಿದ್ದ ತಿರುಗುಯಂತ್ರ ವೇಗ ಹಿಡಿಯುವಷ್ಟರಲ್ಲಿ ಮಾತಿನ ಮೊದಲ ಪದ ನುಂಗಿಹೋಗುತ್ತಿತ್ತು. ಹೋದರೂ ನಷ್ಟವಿಲ್ಲದ ‘ಟೆನ್’ ಅನ್ನು ಮುಂದಿಟ್ಟು ಅಸಲು ಅಂಕಿಯನ್ನು ಹಿಂದೆ ಇಟ್ಟರು. ಆ ಯಂತ್ರ ಹೋಗಿ ಎಷ್ಟೋ ಕಾಲವಾಯಿತು. ‘ಟೆನ್’ ಇನ್ನೂ ಹೋಗಿಲ್ಲ.

ಎಲ್ಲ ಕಿವಿಯೂ ಸಾಧುವಲ್ಲ. 1980ರ ದಶಕದ ಅನಲಾಗ್ ಮೊಬೈಲ್ ಫೋನಿನ ಮಾತು 800 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಸ್ಕ್ಯಾನರಿಗೆ ಸಲೀಸಾಗಿ ಸಿಗುತ್ತಿತ್ತು. 1986ರ ಕಾಯ್ದೆ ಅದನ್ನು ಕದ್ದಾಲಿಸುವುದು ಅಪರಾಧವೆಂದಿತು. 1994ರ ಏಪ್ರಿಲ್ ನಂತರ ಆ ಪಟ್ಟಿಯನ್ನು ಹಿಡಿಯಬಲ್ಲ ಸ್ಕ್ಯಾನರ್ ತಯಾರಿಸುವುದಕ್ಕೂ ತಡೆ ಬಿತ್ತು. ಹಳೆಯ ಪೆಟ್ಟಿಗೆಗಳೇನೋ ಜನರ ಕೈಯಲ್ಲೇ ಇದ್ದವು. 1996ರ ಡಿಸೆಂಬರಿನಲ್ಲಿ ಫ್ಲಾರಿಡಾದ ದಂಪತಿಯೊಬ್ಬರು ಸಂಸತ್ತಿನ ಕೆಳಮನೆಯ ಸ್ಪೀಕರ್ ನ್ಯೂಟ್ ಗಿಂಗ್ರಿಚ್ ತಮ್ಮ ಪಕ್ಷದ ಮುಖಂಡರೊಡನೆ ನಡೆಸಿದ ಫೋನ್ ಚರ್ಚೆಯನ್ನು ಸ್ಕ್ಯಾನರಿನಲ್ಲಿ ಹಿಡಿದು ಟೇಪ್ ಮಾಡಿಕೊಂಡರು. ಅದು ಪತ್ರಿಕೆಯ ಮುಖಪುಟಕ್ಕೇರಿ ದೊಡ್ಡ ಗದ್ದಲವೆದ್ದಿತು. ದಂಪತಿ ತಪ್ಪೊಪ್ಪಿಕೊಂಡು ತಲಾ 500 ಡಾಲರ್ ದಂಡ ಕಟ್ಟಿದರು.

ಅಷ್ಟರಲ್ಲಿ ಪೊಲೀಸರ ರೇಡಿಯೋ ‘ಟ್ರಂಕಿಂಗ್’ ಪದ್ಧತಿಗೆ ಬದಲಾಗತೊಡಗಿತ್ತು. ಹತ್ತಾರು ತಂಡಗಳು ಕೆಲವೇ ಕಂಪನಾಂಕಗಳನ್ನು ಹಂಚಿಕೊಳ್ಳುತ್ತವೆ. ಗುಂಡಿ ಒತ್ತಿದಾಗ ಖಾಲಿಯಿರುವುದನ್ನು ಕಂಪ್ಯೂಟರು ಕೊಡುತ್ತದೆ. ಪ್ರಶ್ನೆ ಒಂದು ಕಡೆ, ಉತ್ತರ ಇನ್ನೊಂದು ಕಡೆ ಕೇಳಿಸಿ ಹವ್ಯಾಸಿಗಳು ಕಂಗೆಟ್ಟರು. 1997ರಲ್ಲಿ ಯೂನಿಡೆನ್ ಕಂಪನಿ ಕಂಪ್ಯೂಟರಿನ ಆ ಹಂಚಿಕೆಯ ಸಂಕೇತವನ್ನೇ ಓದಿಕೊಂಡು ಮಾತಿನ ಬೆನ್ನುಹತ್ತುವ ಸ್ಕ್ಯಾನರ್ ತಂದಿತು. ‘ಪ್ರಾಜೆಕ್ಟ್ 25’ ಎಂಬ ಡಿಜಿಟಲ್ ಮಾನಕ ಬಂದಾಗಲೂ ಅದನ್ನು ಬಿಡಿಸಬಲ್ಲ ಯಂತ್ರಗಳು ಬಂದವು. 2012ರಲ್ಲಿ ಟಿವಿ ನೋಡಲೆಂದು ಮಾರುತ್ತಿದ್ದ ಅಗ್ಗದ ಯುಎಸ್‌ಬಿ ಕಡ್ಡಿಯೊಂದು ಹವ್ಯಾಸಿಗಳ ಕೈಚಳಕದಲ್ಲಿ ಸಾಫ್ಟ್‌ವೇರ್ ರೇಡಿಯೋ ಆಯಿತು. ನೂರಾರು ಡಾಲರಿನ ಪೆಟ್ಟಿಗೆ ಮಾಡುತ್ತಿದ್ದ ಕೆಲಸದಲ್ಲಿ ಬಹುಪಾಲನ್ನು ಅದು ಲ್ಯಾಪ್‌ಟಾಪಿನಲ್ಲೇ ಮಾಡಿಬಿಟ್ಟಿತು.

ಇವೆಲ್ಲ ಬರೀ ತೊಡಕುಗಳು, ಬೀಗಗಳಲ್ಲ. ನಿಜವಾದ ಬೀಗ ಗೂಢಲಿಪೀಕರಣ. ಡಿಜಿಟಲ್ ಉಪಕರಣಗಳಲ್ಲಿ ಅದನ್ನು ಅಳವಡಿಸುವುದು ಸುಲಭವಾದ ಮೇಲೆ ಡೆನ್ವರ್ ಪೊಲೀಸರು 2019ರಲ್ಲಿ ಬಾಗಿಲು ಮುಚ್ಚಿದರು; ನ್ಯೂಯಾರ್ಕ್ 2023ರಲ್ಲಿ ಅದೇ ಹಾದಿ ಹಿಡಿಯಿತು. ಶಿಕಾಗೊ ನಗರ ಜನರಿಗೆ 30 ನಿಮಿಷ ತಡವಾಗಿ ಕೇಳಿಸುವ ನಡುದಾರಿ ಹುಡುಕಿತು. ಅಧಿಕಾರಿಗಳ ಸುರಕ್ಷತೆ, ಸಂತ್ರಸ್ತರ ಖಾಸಗಿತನ ಇಲಾಖೆಗಳು ಕೊಡುವ ಕಾರಣ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಬಾಂಬ್ ಸ್ಫೋಟದ ಆರೋಪಿಗಳ ಬೇಟೆ ನಡೆದಾಗ, ಸ್ಕ್ಯಾನರಿನಲ್ಲಿ ಕೇಳಿದ್ದೆಂದು ಹಬ್ಬಿಸಿದ ಸುದ್ದಿಗಳಿಂದ ನಿರಪರಾಧಿಗಳ ಹೆಸರು ಬೀದಿಗೆ ಬಂದದ್ದನ್ನು ನೆನೆದರೆ ಆ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೂ ಪತ್ರಕರ್ತರು ಮೂವತ್ತು ನಿಮಿಷ ತಡವಾದ ಮಾತಿನಿಂದ ಸ್ಥಳಕ್ಕೆ ತಲುಪುವುದು ಹೇಗೆ ಎನ್ನುವ ಪ್ರಶ್ನೆಗೆ ಸಮಾಧಾನಕರ ಉತ್ತರ ಬಂದಿಲ್ಲ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ಸ್ಕ್ಯಾನರ್ ಕೊಳ್ಳಬಹುದು, ತನಗಲ್ಲದ ಸಂದೇಶ ಕೇಳಕೂಡದು. ಭಾರತದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆ ಉಪಕರಣ ಇಟ್ಟುಕೊಳ್ಳುವುದಕ್ಕೇ ಪರವಾನಗಿ ಬೇಕೆಂದಿತು. ಹವ್ಯಾಸ ಇಲ್ಲಿ ಬೇರೂರಲಿಲ್ಲ. ಕಿವಿಯ ಚಪಲವಿದ್ದವರು ಹ್ಯಾಮ್ ಪರವಾನಗಿ ಪಡೆದು ಉಪಗ್ರಹಗಳತ್ತ ತಿರುಗಿದರು. ಅಂಥವರಿಗಾಗಿ ಇಸ್ರೋ 2005ರ ಮೇ 5ರಂದು ಹಾರಿಸಿದ ‘ಹ್ಯಾಮ್‌ಸ್ಯಾಟ್’ 2014ರವರೆಗೂ ದುಡಿಯಿತು.

ಅಮೆರಿಕದ ಹವ್ಯಾಸಿಗಳಿಗೆ ಸದ್ಯ ಉಳಿದಿರುವ ದೊಡ್ಡ ಬಯಲೆಂದರೆ ಆಕಾಶ. ವಿಮಾನಗಳ ಮಾತು 118ರಿಂದ 137 ಮೆಗಾಹರ್ಟ್ಸ್ ನಡುವೆ ಇಂದಿಗೂ ಹಳೆಯ ಎಎಂ ವಿಧಾನದಲ್ಲೇ ನಡೆಯುತ್ತದೆ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಬಲವಾದ ದನಿ ಇನ್ನೊಂದನ್ನು ಪೂರ್ತಿ ನುಂಗುತ್ತದೆ. ಎಎಂನಲ್ಲಿ ಕೀರಲು ಸದ್ದು ಎದ್ದು, ಎರಡನೆಯವನೊಬ್ಬನಿದ್ದಾನೆಂದು ನಿಯಂತ್ರಕನಿಗೆ ಗೊತ್ತಾಗುತ್ತದೆ. ಯಾವ ದೇಶದ ವಿಮಾನಕ್ಕೂ ಯಾವ ದೇಶದ ನಿಲ್ದಾಣದ ಮಾತೂ ಕೇಳಬೇಕಾದ್ದರಿಂದ ಇಲ್ಲಿ ಬೀಗ ಹಾಕುವುದೂ ಸುಲಭವಲ್ಲ. ವಾಹಿನಿಗಳು ಸಾಲದೆ ಯುರೋಪು ಅವುಗಳ ನಡುವಿನ ಅಂತರವನ್ನು 25 ಕಿಲೋಹರ್ಟ್ಸ್‌ನಿಂದ 8.33ಕ್ಕೆ ಇಳಿಸಿತು, ಆ ಹೆಜ್ಜೆಗೆ ಹೊಂದದ ಹಳೆಯ ಸ್ಕ್ಯಾನರ್‌ಗಳನ್ನು ಅಲ್ಲಿನವರು ಬದಲಾಯಿಸಬೇಕಾಯಿತು.